ಕಥೆಯ ಕಡೆಯೂ ಓದುಗರ ಕೋಪವೂ

ಶ್ರಾವಣಮಾಸದಲ್ಲಿ ನಮ್ಮ ಮಠಗಳಲ್ಲಿ ತಿಂಗಳುದ್ದಕ್ಕೂ ಪುರಾಣ ನಡೆದು ಕಡೆಯ ದಿನ ಮಂಗಲವಾಗುವುದನ್ನು ವಾಚಕರೆಲ್ಲರೂ ಬಲ್ಲರು. ಅಂದು ಕೇಳುಗನು ಪ್ರಸಾದ ಸ್ವೀಕರಿಸಿ, ತುಂಬಿದ ಮನಸ್ಸಿನಿಂದ ಮನೆಗೆ ತೆರಳುತ್ತಾನೆ. ಹಾಗಲ್ಲದೆ, ಐದು ವರ್ಷ ಶ್ರದ್ಧೆಯಿಂದ ಕಥೆ ಕೇಳಿದವರು ಮಂಗಲದ ದಿನವೇ ಮುನಿದು ಎದ್ದುಹೋದರೆ ತಪ್ಪು ಯಾರದು? ಹೇಳಿದವರದೋ, ಕೇಳಿದವರದೋ?

ಇಂಥದೊಂದು ಪ್ರಸಂಗ 2001ರಲ್ಲಿ ಅಮೆರಿಕದ ಕಿಶೋರ ಸಾಹಿತ್ಯದಲ್ಲಿ ನಡೆಯಿತು. ಕೆ. ಎ. ಆಪಲ್‌ಗೇಟ್ ಎಂಬ ಲೇಖಕಿ ತಮ್ಮ ಪತಿ ಮೈಕೇಲ್ ಗ್ರಾಂಟ್ ಅವರೊಡಗೂಡಿ ರೂಪಿಸಿದ 'ಆನಿಮಾರ್ಫ್ಸ್' ಮಾಲೆಯ ಮೊದಲ ಪುಸ್ತಕ 1996ರ ಜೂನ್‌ನಲ್ಲಿ ಹೊರಬಂದಿತು. ಐವತ್ತನಾಲ್ಕನೆಯದೂ ಕಡೆಯದೂ ಆದ ಪುಸ್ತಕ 2001ರ ಮೇ ತಿಂಗಳಲ್ಲಿ. ಹೆಚ್ಚುಕಡಮೆ ತಿಂಗಳಿಗೊಂದರಂತೆ ಬಂದ ಈ ಕಿರುಹೊತ್ತಗೆಗಳನ್ನು ಲಕ್ಷಾಂತರ ಬಾಲಕ ಬಾಲಕಿಯರು ಕಾದು ಓದಿದರು. ಮಕ್ಕಳ ಕಟ್ಟುಕಥೆಗೂ ಮಠದ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕಥೆ ಚಿಕ್ಕವರದಾದರೂ ಅದು ಎತ್ತಿದ ಪ್ರಶ್ನೆ ಚಿಕ್ಕದಲ್ಲ. ಅದು ನಮ್ಮನ್ನೂ ಮುಟ್ಟುವಂಥದು.

ಕಥಾವಸ್ತುವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಯೀರ್ಕ್ ಎಂಬ ಹುಳುವಿನಂಥ ಅನ್ಯಲೋಕದ ಜೀವಿಗಳು ಮನುಷ್ಯರ ಕಿವಿಯೊಳಗಿಂದ ಸೇರಿ ಮಿದುಳನ್ನು ಆವರಿಸಿ, ಅವರನ್ನು ಸೂತ್ರದ ಗೊಂಬೆಗಳನ್ನಾಗಿ ಮಾಡುತ್ತವೆ. ಸಾಯುತ್ತಿರುವ ಇನ್ನೊಂದು ಲೋಕದ ಯೋಧನು ಐವರು ಮಕ್ಕಳಿಗೆ ತಾವು ಮುಟ್ಟಿದ ಪ್ರಾಣಿಯ ರೂಪ ತಾಳುವ ಶಕ್ತಿಯನ್ನು ಕೊಡುತ್ತಾನೆ. ಎರಡು ಗಂಟೆ ಮೀರಿದರೆ ಆ ರೂಪದಲ್ಲಿಯೇ ಉಳಿಯಬೇಕೆಂಬುದು ಅದರ ಕಟ್ಟಳೆ. ಟೊಬಾಯಸ್ ಎಂಬ ಹುಡುಗನು ಮೊದಲ ಪುಸ್ತಕದಲ್ಲಿಯೇ ಗಿಡುಗನಾಗಿ ಸಿಕ್ಕಿಬೀಳುತ್ತಾನೆ. ನಾಯಕನಾದ ಜೇಕ್‌ನ ಅಣ್ಣ ಟಾಮ್ ಶತ್ರುವಿನ ವಶದಲ್ಲಿದ್ದಾನೆ. ವಿನೋದದಂತೆ ತೊಡಗಿದ ಕಥೆ ಬರಬರುತ್ತ ಯುದ್ಧದ ಕಥೆಯಾಗುತ್ತದೆ.

ಕಡೆಯಲ್ಲಿ ಮಕ್ಕಳು ಗೆಲ್ಲುತ್ತಾರೆ. ಆದರೆ ಎಂಥ ಗೆಲವು! ಜೇಕ್ ತನ್ನ ಸೋದರಸಂಬಂಧಿ ರೇಚಲ್‌ಳನ್ನು ತನ್ನ ಅಣ್ಣನನ್ನೇ ಕೊಲ್ಲಲು ಕಳುಹಿಸುತ್ತಾನೆ. ಅವಳು ಕೊಂದು, ತಾನೂ ಸಾಯುತ್ತಾಳೆ. ಎದುರಿಸಲಾರದ ಸ್ಥಿತಿಯಲ್ಲಿದ್ದ 17,000ಕ್ಕೂ ಹೆಚ್ಚು ಶತ್ರುಗಳನ್ನು ಆಕಾಶದ ಶೂನ್ಯಕ್ಕೆ ಚೆಲ್ಲುವಂತೆ ಅವನು ಆಜ್ಞೆ ಕೊಡುತ್ತಾನೆ. ಯುದ್ಧ ಮುಗಿದ ಮೇಲೆ ಆ ಆಜ್ಞೆ ಅವನನ್ನು ಬಿಡುವುದಿಲ್ಲ. ಟೊಬಾಯಸ್ ರೇಚಲ್‌ಳ ಬೂದಿಯನ್ನು ಕೊಂಡು ಕಾಡು ಸೇರುತ್ತಾನೆ. ಮಾರ್ಕೋ ಖ್ಯಾತಿಯ ಸುಖದಲ್ಲಿ ಮುಳುಗುತ್ತಾನೆ. ಕ್ಯಾಸೀ ಒಬ್ಬಳೇ ಹೊಸ ಬಾಳನ್ನು ಕಟ್ಟಿಕೊಳ್ಳುತ್ತಾಳೆ. ಕೆಲವು ವರ್ಷಗಳ ಬಳಿಕ ಹೊಸದೊಂದು ಶತ್ರು ತಲೆದೋರಲು, ಜೇಕ್ ತನ್ನ ನೌಕೆಯನ್ನು ವೈರಿಯ ನೌಕೆಗೆ ಡಿಕ್ಕಿ ಹೊಡೆಸಲು ಹೇಳುವಲ್ಲಿಗೆ ಕಥೆ ನಿಂತುಹೋಗುತ್ತದೆ. ಅವರು ಉಳಿದರೋ ಅಳಿದರೋ ತಿಳಿಯದು.

ಎಳೆಯ ಓದುಗರು ಕೆರಳಿದರು. ಅವರ ದೂರುಗಳನ್ನು ಮೂರಾಗಿ ವಿಂಗಡಿಸಬಹುದು: ರೇಚಲ್ ಸಾಯಬಾರದಿತ್ತು, ಉಳಿದವರು ಒಂದಾಗಿ, ಜೇಕ್ ಮತ್ತು ಕ್ಯಾಸೀ ಜೊತೆಯಾಗಿ ಬಾಳಬೇಕಿತ್ತು, ಕಥೆಗೆ ಒಂದು ನಿರ್ಣಯ ಬೇಕಿತ್ತು. ಲೇಖಕಿ ಸುಮ್ಮನಿರದೆ ಓದುಗರಿಗೆ ಬಹಿರಂಗ ಪತ್ರ ಬರೆದರು. ಅದರ ತಾತ್ಪರ್ಯವಿಷ್ಟು: ತಾವು ಮೊದಲಿನಿಂದಲೂ ಯುದ್ಧದ ಕಥೆಯನ್ನೇ ಬರೆದವರು; ಯುದ್ಧಗಳು ಸುಖಾಂತವಾಗುವುದಿಲ್ಲ; ಜೊತೆಗೆ ಹೋರಾಡಿದವರು ಆಮೇಲೆ ದೂರವಾಗುತ್ತಾರೆ; ಒಂದು ಯುದ್ಧ ಇನ್ನೊಂದಕ್ಕೆ ಬೀಜವಾಗುತ್ತದೆ; ಈ ಓದುಗರೇ ಬೇಗ ಮತ ಹಾಕುವ, ಸೈನ್ಯ ಸೇರುವ ವಯಸ್ಸಿಗೆ ಬರುವವರಾದುದರಿಂದ ಇದನ್ನು ನೆನಪಿನಲ್ಲಿಡಬೇಕು.

ಈಗ ನಾವು ತೂಗಿ ನೋಡೋಣ. ಮೊದಲನೆಯ ದೂರು ನಿಲ್ಲಲಾರದು. ಕಾದಾಟದ ರುಚಿ ಹತ್ತಿದ ರೇಚಲ್‌ಗೆ ಶಾಂತಿಯ ಲೋಕದಲ್ಲಿ ಎಡೆಯಿಲ್ಲವೆಂಬುದನ್ನು ಹಿಂದಿನ ಪುಸ್ತಕಗಳೇ ಸೂಚಿಸುತ್ತ ಬಂದಿವೆ. ಅವಳ ಸಾವು ಆಕಸ್ಮಿಕವಲ್ಲ, ಕಥೆಯ ಫಲ. ಎರಡನೆಯ ದೂರೂ ನಿಲ್ಲದು. ಹದಿಮೂರರ ವಯಸ್ಸಿನಲ್ಲಿ ಆಯುಧವಾದವನು ಹದಿನಾರರಲ್ಲಿ ಮತ್ತೆ ಬಾಲಕನಾಗುವುದೆಂತು? ಆದರೆ ಮೂರನೆಯ ದೂರಿನಲ್ಲಿ ಸತ್ವವಿದೆಯೆಂದೇ ನಮ್ಮ ಅಭಿಪ್ರಾಯ. ಕಡೆಯ ಶತ್ರು ಕಡೆಯ ಪುಸ್ತಕದಲ್ಲಿಯೇ ಹುಟ್ಟಿ ಬಂದವನು. ಅವನನ್ನು ಕಾಣಲು ಓದುಗನಿಗೆ ಸಾಕಷ್ಟು ಪುಟಗಳೇ ದೊರೆಯವು. ಒಂದು ಯುದ್ಧ ಇನ್ನೊಂದನ್ನು ಹಡೆಯುತ್ತದೆಂಬ ಪತ್ರದ ಮಾತು ಸತ್ಯವೇ. ಆದರೆ ಪತ್ರದಲ್ಲಿ ಸತ್ಯವಾದುದು ಕಥೆಯಲ್ಲಿಯೂ ಅನುಭವವಾಗಬೇಕಷ್ಟೆ. ಆ ಒಂದೆಡೆ ಲೇಖಕಿ ಅವಸರಪಟ್ಟರು.

ಆದರೂ ಅವರು ಮಣಿಯಲಿಲ್ಲವೆಂಬುದು ಮುಖ್ಯ. ಇಂಗ್ಲೆಂಡಿನ ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ತಮ್ಮ ಪತ್ತೇದಾರ ಹೋಮ್ಸ್‌ನನ್ನು ಜಲಪಾತದಲ್ಲಿ ಕೆಡಹಿ, 1903ರಲ್ಲಿ ಅವನು ಸತ್ತೇ ಇರಲಿಲ್ಲವೆಂದು ಮರಳಿ ಕರೆತಂದರು. ಓದುಗರು ಹಿಗ್ಗಿದರು, ಸಾವು ಮಾತ್ರ ಹಗುರವಾಯಿತು. ಆಪಲ್‌ಗೇಟ್ ಸಾವನ್ನು ಹಗುರಗೊಳಿಸಲಿಲ್ಲ.

ನಮ್ಮಲ್ಲಿಯೂ ಕಡೆಯ ವಿಷಯದಲ್ಲಿ ಕವಿಗಳು ಒಂದೇ ದಾರಿ ಹಿಡಿದವರಲ್ಲ. ಪಂಪನು ತನ್ನ ಭಾರತವನ್ನು ಅರ್ಜುನನ ಪಟ್ಟಾಭಿಷೇಕದಲ್ಲಿ ಮುಗಿಸಿದನು. ಕುಮಾರವ್ಯಾಸನು ಹತ್ತು ಪರ್ವಗಳಿಗೇ ಲೇಖನಿಯನ್ನು ಇಳಿಸಿದನು; ಮಿಕ್ಕವನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದನು. ವ್ಯಾಸಮಹರ್ಷಿಗಳಾದರೋ ಗೆದ್ದ ಧರ್ಮರಾಯನನ್ನು ಸತ್ತವರ ನಡುವೆ ಅಳಿಸಿ, ತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬೀಳುವ ಹಾದಿಯಲ್ಲಿ ನಡೆಯಿಸಿದರು. ಗೆಲವಿನ ಮರುದಿನವನ್ನು ತೋರಿಸಿದ ಕವಿ ಅವರು. ಅಮೆರಿಕದ ಮಕ್ಕಳ ಪುಸ್ತಕವೊಂದು ತನ್ನ ಅಳತೆಯಲ್ಲಿ ಆ ಹಾದಿಯನ್ನೇ ತುಳಿದಿದೆ.

ಭಕ್ತರಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ನಿವೇದಿಸಬೇಕಾಗಿದೆ. ಕಲ್ಯಾಣದ ಕಥೆಯನ್ನು ನಾವು ಹೇಗೆ ಹೇಳುತ್ತಿದ್ದೇವೆ? ಅನುಭವ ಮಂಟಪದ ವೈಭವ, ಶರಣರ ಸಮಾಗಮ, ಕಾಯಕ ದಾಸೋಹಗಳ ಮಹಿಮೆ ಇವುಗಳನ್ನು ಬಣ್ಣಿಸಿ ಮಂಗಲ ಹಾಡಿಬಿಡುತ್ತೇವೆ. ಹರಳಯ್ಯ ಮಧುವರಸರ ಮನೆಗಳ ನಡುವೆ ನಡೆದ ಮದುವೆಗಾಗಿ ಅವರಿಗಾದ ಘೋರ ಶಿಕ್ಷೆಯನ್ನು, ಕಲ್ಯಾಣ ಬರಿದಾದುದನ್ನು, ಬಸವಣ್ಣನವರು ಕೂಡಲಸಂಗಮಕ್ಕೂ ಚನ್ನಬಸವಣ್ಣನವರು ಉಳವಿಗೂ ತೆರಳಿದುದನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಪೀಠದಲ್ಲಿ ಕುಳಿತು ನಾವೂ ಎಷ್ಟೋ ಸಲ ಹಾಗೆಯೇ ಮಾಡಿದ್ದೇವೆ. ಕೇಳುವವರ ಮನಸ್ಸು ನೋಯಬಾರದೆಂಬುದೇ ಕಾರಣ. ಹಾಗೆ ಮಾಡುವುದರಿಂದ ಆ ಮದುವೆಗೆ ತೆತ್ತ ಬೆಲೆ ಮರೆತುಹೋಗುತ್ತದೆ. ಬೆಲೆ ಮರೆತವರು ಇಂದಿಗೂ ಜಾತಿ ಕೇಳಿಯೇ ಹೆಣ್ಣು ಕೊಡುತ್ತಾರೆ. ಕಡೆಯನ್ನು ಮುಚ್ಚಿಟ್ಟ ಕಥೆಗೆ ಮನುಷ್ಯನನ್ನು ತಿದ್ದುವ ಬಲ ಉಳಿಯುವುದಿಲ್ಲ.

1996ರಲ್ಲಿ ಹದಿಮೂರು ವರ್ಷದವನಾಗಿ ಈ ಮಾಲೆಯನ್ನು ಕೈಗೆತ್ತಿಕೊಂಡ ಬಾಲಕನಿಗೆ 2001ರಲ್ಲಿ ಹದಿನೆಂಟು. ಕಡೆಯ ಪುಸ್ತಕ ಬಂದ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್ 11ರಂದು, ಅಮೆರಿಕದ ಮೇಲೆ ದಾಳಿ ನಡೆಯಿತು. ಅಕ್ಟೋಬರ್‌ನಲ್ಲಿ ಆಫ್ಘಾನಿಸ್ತಾನದಲ್ಲಿ ತೊಡಗಿದ ಯುದ್ಧ 2021ರವರೆಗೆ ಸಾಗಿತು. ಲೇಖಕಿಯ ಪತ್ರ ಭವಿಷ್ಯವಾಣಿಯಲ್ಲ. ಇತಿಹಾಸವನ್ನು ಬಲ್ಲವರ ಸರಳ ವಿವೇಕ. ಅಂದು ಕೋಪಗೊಂಡ ಓದುಗರಲ್ಲಿ ಎಷ್ಟೋ ಮಂದಿ ಬೆಳೆದ ಮೇಲೆ ಆ ಮುಕ್ತಾಯವೇ ಸರಿಯೆಂದು ಒಪ್ಪಿದ್ದಾರೆ.

ಹಾಗೆಂದು ಅವರ ಅಂದಿನ ಕೋಪವನ್ನು ಹಳಿಯುವುದು ಸಲ್ಲದು. ಕಥೆಯ ಜೀವಗಳನ್ನು ತಮ್ಮವರೆಂದು ಬಗೆದವರಿಗೆ ಮಾತ್ರ ಅಂಥ ಕೋಪ ಬರುತ್ತದೆ. ನಿಮ್ಮ ಮನೆಯ ಮಗು ಪುಸ್ತಕದ ಕಡೆಯ ಪುಟ ಮುಚ್ಚಿ ಅತ್ತರೆ, ಇದು ಬರಿಯ ಕಥೆಯೆಂದು ಸಮಾಧಾನ ಹೇಳಬೇಡಿರಿ. ಪಕ್ಕದಲ್ಲಿ ಕುಳಿತು, ಹೀಗೇಕೆ ಆಯಿತೆಂದು ಕೇಳಿರಿ. ಆ ಮಾತುಕತೆಯೇ ಆ ಕಥೆಯ ಮಂಗಲವಾದೀತು.