ಪಿಯಾನೋ ಇಲ್ಲದವರ ಪಿಯಾನೋ

ದಕ್ಷಿಣ ಆಫ್ರಿಕಾದ ಕರಿಯರ ಕೇರಿಗಳಲ್ಲಿ ಹುಟ್ಟಿದ ಅಮಪಿಯಾನೋ ಈಗ ಲಂಡನ್, ಲಾಗೋಸ್, ನ್ಯೂಯಾರ್ಕುಗಳನ್ನು ಕುಣಿಸುತ್ತಿದೆ. ಇದರ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತವೆ. ಕುಡಿತ, ಕುಣಿತ ಬಿಟ್ಟರೆ ಇದರಲ್ಲಿ ಏನಿದೆ, ಹೋರಾಟ ಎಲ್ಲಿದೆ ಅಂತ ಕೆಲವರು. ಜಗತ್ತೇ ಮೆಚ್ಚಿದ ಮೇಲೆ ಇನ್ನೇನು ಬೇಕು ಅಂತ ಮತ್ತೆ ಕೆಲವರು. ಇಬ್ಬರೂ ಈ ಸಂಗೀತ ಕಟ್ಟಿದ ಕೈಗಳನ್ನು ನೋಡಿಲ್ಲ.

ಮೊದಲು ನೆಲದ ಮಾತು. ಬಿಳಿಯರ ಸರ್ಕಾರ ಅಲ್ಲಿ ಮೈಬಣ್ಣ ನೋಡಿ ನೆಲ ಹಂಚಿತು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. 1955ರಲ್ಲಿ ಜೋಹಾನ್ಸ್‌ಬರ್ಗಿನ ಸೋಫಿಯಾಟೌನಿನಿಂದ ಕರಿಯರನ್ನು ಲಾರಿಗಳಲ್ಲಿ ತುಂಬಿ ಮೆಡೊಲ್ಯಾಂಡ್ಸ್‌ಗೆ ಸಾಗಿಸತೊಡಗಿದರು. ಗಣಿಗೆ, ಕಾರ್ಖಾನೆಗೆ, ಯಜಮಾನಿಯ ಅಡುಗೆಮನೆಗೆ ಅವರ ಮೈ ಬೇಕು. ಅವರ ಮನೆಮಾರು ಮಾತ್ರ ನಗರದೊಳಗೆ ಇರಕೂಡದು. ಹೀಗೆ ಊರಾಚೆ ಎದ್ದ ಕೇರಿಗಳೇ ಟೌನ್‌ಶಿಪ್‌ಗಳು. 1974ರಲ್ಲಿ ಪ್ರಿಟೋರಿಯಾದ ಆಚೆ ಎದ್ದ ಒಂದು ಟೌನ್‌ಶಿಪ್ಪಿನ ಹೆಸರು ಸೋಶಂಗುವೆ. ಸೋಥೋ, ಶಂಗಾನ್, ಎಂಗುನಿ, ವೆಂಡಾ ಎಂಬ ನಾಲ್ಕು ಹೆಸರುಗಳ ತುಂಡು ಜೋಡಿಸಿ ಮಾಡಿದ ಹೆಸರು ಅದು. ಅಮಪಿಯಾನೋದ ದೊಡ್ಡ ಕಲಾವಿದರಲ್ಲೊಬ್ಬರಾದ ಡಿಜೆ ಮಫೋರಿಸಾ ಅಲ್ಲಿಯವರು.

ಇನ್ನು ಹೋರಾಟದ ಪ್ರಶ್ನೆ. 1920ರ ದಶಕದಲ್ಲಿ ಜೋಹಾನ್ಸ್‌ಬರ್ಗಿನ ಕೊಳೆಗೇರಿಗಳಲ್ಲಿ ಹೆಂಗಸರು ಕದ್ದುಮುಚ್ಚಿ ಬಿಯರ್ ಕಾಯಿಸಿ ಮಾರುತ್ತಿದ್ದರು. ಆ ಶೆಬೀನ್‌ಗಳಲ್ಲಿ ಹಳೇ ಪಿಯಾನೋ, ಕಾಲಲ್ಲಿ ತುಳಿಯುವ ಹಾರ್ಮೋನಿಯಂ ನುಡಿಸಿ ರಾತ್ರಿಯಿಡೀ ಕುಣಿಸುತ್ತಿದ್ದ ಸಂಗೀತವೇ ಮರಾಬಿ. ಪೊಲೀಸರು ನುಗ್ಗಿ ಪಾತ್ರೆ ಉರುಳಿಸಿದರೂ ಕುಣಿತ ನಿಲ್ಲಲಿಲ್ಲ. 1994ರಲ್ಲಿ ವರ್ಣಭೇದದ ಪ್ರಭುತ್ವ ಬಿದ್ದಾಗ ಕ್ವೈಟೋ ಬಂತು. ಅದನ್ನೂ ಟೊಳ್ಳು ಎಂದು ಜರೆದವರಿದ್ದರು. ಆದರೆ 1995ರಲ್ಲಿ ಆರ್ಥರ್ ಮಫೊಕಾಟೆ ಯಜಮಾನನ ಬಾಯಿನ 'ಕ್ಯಾಫರ್' ಎಂಬ ಬೈಗುಳವನ್ನೇ ಹಾಡಿನ ಹೆಸರು ಮಾಡಿದರು. ಹಾಗೆ ಕರೀಬೇಡ ಎಂದು ಕುಣಿತದ ತಾಳದಲ್ಲೇ ಹೇಳಿದರು. ಘೋಷಣೆ ಕೂಗಿದರೆ ಮಾತ್ರ ಪ್ರತಿಭಟನೆ ಅನ್ನೋ ವಿಮರ್ಶಕರಿಗೆ ಇದು ಕೇಳಿಸುವುದು ಕಷ್ಟ.

ಅಮಪಿಯಾನೋ ಈ ವಂಶದ್ದು. 2010ರ ದಶಕದ ನಡುವಿಗೆ ರೂಪು ತಳೆದದ್ದು. ಜುಲು ಭಾಷೆಯಲ್ಲಿ 'ಅಮ' ಬಹುವಚನ. ಅಮಪಿಯಾನೋ ಅಂದರೆ ಪಿಯಾನೋಗಳು. ತಮಾಷೆ ಎಂದರೆ, ಇದನ್ನು ಕಟ್ಟಿದ ಎಷ್ಟೋ ಹುಡುಗರ ಮನೆಯಲ್ಲಿ ಪಿಯಾನೋ ಇರಲಿಲ್ಲ. ಇದ್ದದ್ದು ಒಂದು ಕಂಪ್ಯೂಟರು, ಅದರಲ್ಲಿ ಬೆಲ್ಜಿಯಂ ಕಂಪನಿಯೊಂದರ ಎಫ್ಎಲ್ ಸ್ಟುಡಿಯೋ ಎಂಬ ಸಾಫ್ಟ್‌ವೇರು. ಅದರ ಮೂಲೆಯಲ್ಲಿ ಬಿದ್ದಿದ್ದ 'ಲಾಗ್ ಡ್ರಮ್' ಎಂಬ ಸದ್ದನ್ನು ಇವರು ಎಳೆದು, ಬಾಗಿಸಿ, ಅದರಿಂದಲೇ ತಾಳವನ್ನೂ ಮಂದ್ರವನ್ನೂ ಹೊರಡಿಸಿದರು. ಆ ಕೀರ್ತಿ ಮುಖ್ಯವಾಗಿ ಎಂಡಿಯು ಅಲಿಯಾಸ್ ಟಿಆರ್‌ಪಿ ಎಂಬ ಕಲಾವಿದನಿಗೆ ಸಲ್ಲುತ್ತದೆ. ನಿಮಿಷಕ್ಕೆ ಸುಮಾರು 110ರಿಂದ 115 ಬಡಿತ. ಹೌಸ್ ಸಂಗೀತಕ್ಕಿಂತ ನಿಧಾನ. ಜಾಜ್‌ನ ಸ್ವರಗಳು ಮೆಲ್ಲಗೆ ಹಬ್ಬುತ್ತವೆ, ಕಾಳು ಕೇರಿದಂಥ ಸದ್ದು ಜೊತೆಗೂಡುತ್ತದೆ. ಎಷ್ಟೋ ಹೊತ್ತು ಕಾಯಿಸಿ ಆಮೇಲೆ ಲಾಗ್ ಡ್ರಮ್ ಎದೆಗೆ ಗುದ್ದುತ್ತದೆ. ಆರೇಳು ನಿಮಿಷದ ಹಾಡು ಇಲ್ಲಿ ಮಾಮೂಲು.

ಮೊದಮೊದಲು ದೊಡ್ಡ ಕಂಪನಿಗಳು ತಿರುಗಿಯೂ ನೋಡಲಿಲ್ಲ. ಹಾಡುಗಳು ವಾಟ್ಸಾಪಿನಲ್ಲಿ, ಬಾಡಿಗೆ ವ್ಯಾನುಗಳಲ್ಲಿ ಕೇರಿಯಿಂದ ಕೇರಿಗೆ ಹೋದವು. ಅದೂ ಪುಕ್ಕಟೆಯಲ್ಲ. ಬಡವರು ಕೊಳ್ಳುವ ಸಣ್ಣ ಡೇಟಾ ಪ್ಯಾಕಿಗೇ ಹೆಚ್ಚು ದರ ಬೀಳುತ್ತಿದೆ ಎಂದು ಆ ದೇಶದ ಸ್ಪರ್ಧಾ ಆಯೋಗವೇ 2019ರಲ್ಲಿ ಹೇಳಿತು.

ಈಗ ಜಗತ್ತಿನ ಮೆಚ್ಚುಗೆ. 1968ರಲ್ಲಿ ದೇಶ ಬಿಟ್ಟು ಹೋಗಿದ್ದ ಹ್ಯೂ ಮಸೆಕೆಲಾ ಅಮೆರಿಕದ ಹಾಡುಪಟ್ಟಿಯ ತುದಿ ಮುಟ್ಟಿದ್ದರು. 55 ವರ್ಷದ ನಂತರ, 2023ರಲ್ಲಿ, ಜೋಹಾನ್ಸ್‌ಬರ್ಗಿನ ಟೈಲಾ 'ವಾಟರ್' ಹಾಡಿನಿಂದ ಅದೇ ಪಟ್ಟಿ ಹೊಕ್ಕಳು. 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಸಂಗೀತಕ್ಕೆಂದು ಮೊದಲ ಸಲ ಇಟ್ಟ ಗ್ರ್ಯಾಮಿಯನ್ನೂ ಗೆದ್ದಳು. ಆ ಸ್ಪರ್ಧೆಯಲ್ಲಿ ನೈಜೀರಿಯಾದ ಅಸಾಕೆ, ಒಲಾಮಿಡೆ ಹಾಡಿದ ಹಾಡೊಂದಿತ್ತು. ಅದರ ಹೆಸರೇ 'ಅಮಪಿಯಾನೋ'!

ಟೈಲಾಳ ಗೆಲುವಿಗೆ ಹೊಟ್ಟೆ ಉರಿದುಕೊಳ್ಳಬೇಕಿಲ್ಲ. ಅವಳ ದನಿಗೆ ಆ ಶಕ್ತಿ ಇದೆ. ಆದರೆ ಮಾರುಕಟ್ಟೆ ಏನನ್ನು ಎತ್ತಿಕೊಂಡಿತು, ಏನನ್ನು ಬಿಟ್ಟಿತು ಎಂದು ವಿಮರ್ಶೆ ಕೇಳಲೇಬೇಕು. ಲಾಗ್ ಡ್ರಮ್ ಎತ್ತಿಕೊಂಡಿತು. ಆರೇಳು ನಿಮಿಷದ ತಾಳ್ಮೆಯನ್ನು ಮೂರು ಚಿಲ್ಲರೆ ನಿಮಿಷಕ್ಕೆ ಕತ್ತರಿಸಿತು. ಭಾಷೆ ಇಂಗ್ಲಿಷಾಯಿತು. ಫೋಕಲಿಸ್ಟಿಕ್ ಹಾಡುವ ಸೆಪಿಟೋರಿ, ಅಂದರೆ ಪ್ರಿಟೋರಿಯಾದ ಕೇರಿಗಳ ಕಲಬೆರಕೆ ನುಡಿ, ಶಾಲೆಯ ಪಠ್ಯದಲ್ಲಿಲ್ಲ. ಬೀದಿಯಲ್ಲಿ ಬೆಳೆದ ಮಾತು ಅದು. ಅದನ್ನು ಕಳಚಿಟ್ಟೇ ಒಳಗೆ ಬಾ ಅನ್ನೋದು ಎಂಥ ಸ್ವಾಗತ?

ಒಳಗಿನ ಹುಳುಕನ್ನೂ ಮುಚ್ಚಬಾರದು. ದುಬಾರಿ ಹೆಂಡದ ಹೆಸರು ಜಪಿಸುವ, ಹೆಣ್ಣಿನ ಮೈಯನ್ನು ಸರಕು ಮಾಡುವ ಹಾಡುಗಳು ಇಲ್ಲೂ ಇವೆ. ಅದೇ ಕುಣಿತದ ಕಟ್ಟೆಯ ಮೇಲೆ ಡಿಬಿಎನ್ ಗೋಗೋ, ಎಸ್ವಾಟಿನಿಯ ಅಂಕಲ್ ವಾಫಲ್ಸ್‌ರಂಥ ಹೆಣ್ಣುಮಕ್ಕಳು ನಿಂತು ಸಾವಿರಾರು ಜನರನ್ನು ಆಳುತ್ತಿರುವುದೂ ನಿಜ.

2024ರ ಮೊದಲ ಮೂರು ತಿಂಗಳ ಸರ್ಕಾರಿ ಲೆಕ್ಕದಲ್ಲಿ, ಆ ದೇಶದಲ್ಲಿ ಕೆಲಸ ಹುಡುಕುವ 15ರಿಂದ 34 ವಯಸ್ಸಿನವರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿ ನಿರುದ್ಯೋಗಿಗಳು. ಅಂಥ ಕಡೆ ಒಂದು ತಾಳ ಕಟ್ಟುವುದು ಅನ್ನದ ಪ್ರಶ್ನೆಯೂ ಹೌದು. ತಾಳ ಕಟ್ಟಿದವನ ಹೆಸರು ಹಾಡಿನ ಮೇಲೆ ಇರಬೇಕು, ಹಣ ಅವನ ಮನೆ ಸೇರಬೇಕು. ಗೆಳೆಯರೇ, ಫೋನಿನಲ್ಲಿ ಸಿಕ್ಕರೆ 'ವಾಟರ್' ಕೇಳಿ. ಆಮೇಲೆ ಕಾಬ್ಜಾ ಡಿ ಸ್ಮಾಲ್, ಮಫೋರಿಸಾ ಸೇರಿ 2019ರಲ್ಲಿ ತಂದ 'ಸ್ಕಾರ್ಪಿಯನ್ ಕಿಂಗ್ಸ್' ಪೂರ್ತಿ ಕೇಳಿ. ಅವಸರ ಮಾಡಬೇಡಿ. ಆ ಜನ ಯಾವ ಅವಸರವೂ ಇಲ್ಲದೆ ತಮ್ಮ ರಾತ್ರಿಯನ್ನು ತಾವೇ ಆಳುತ್ತಿರುವುದು ಅಲ್ಲಿ ಕೇಳಿಸುತ್ತೆ.