ಅಗಸ್ಟೀನನ ‘ಆತ್ಮನಿವೇದನೆ’ಯಲ್ಲಿ ಆನಂದದ ವಿಚಾರ

ಸುಖವನ್ನು ಬಯಸದ ಜೀವವಿಲ್ಲ. ದೊರೆತ ಸುಖವು ನಿಲ್ಲುವುದೆಂದು ನಂಬಿ ಮೋಸಹೋಗದ ಮನುಷ್ಯನೂ ಇಲ್ಲ. ನಿಲ್ಲುವ ಆನಂದವೊಂದುಂಟೆ, ಉಂಟಾದರೆ ಅದರ ನೆಲೆ ಯಾವುದು ಎಂಬ ಪ್ರಶ್ನೆಯು ಎಲ್ಲ ಮತಗಳಿಗೂ ಸಮಾನವಾದುದು. ಕ್ರೈಸ್ತಮತದ ಪರವಾಗಿ ಇದಕ್ಕೆ ಉತ್ತರ ಹೇಳಿದ ಗ್ರಂಥಗಳು ಅನೇಕವಾಗಿವೆ. ಅವುಗಳಲ್ಲಿ ಹಲವು ಉತ್ತರವನ್ನು ಮೊದಲೇ ಕೈಯಲ್ಲಿ ಹಿಡಿದು ಹೊರಟ ಉಪದೇಶಗಳು. ಸಂತ ಅಗಸ್ಟೀನನ ‘ಆತ್ಮನಿವೇದನೆ’ಯಾದರೋ ಆ ಉತ್ತರಕ್ಕೆ ಬಂದ ದಾರಿಯನ್ನೆಲ್ಲ, ಎಡವಿದ ಕಲ್ಲುಗಳನ್ನೂ ಬಿಡದೆ, ತೋರಿಸುತ್ತದೆ. ಹದಿನಾರು ಶತಮಾನಗಳು ಕಳೆದರೂ, ಆ ಮತಕ್ಕೆ ಸೇರದವರು ಸಹ ಅದನ್ನು ಓದುತ್ತಿರುವುದಕ್ಕೆ ಇದೇ ಕಾರಣವೆಂದು ನಮ್ಮ ಅಭಿಪ್ರಾಯ.

ಅಗಸ್ಟೀನನು ಕ್ರಿ. ಶ. ೩೫೪ರಲ್ಲಿ, ಈಗಿನ ಅಲ್ಜೀರಿಯ ದೇಶಕ್ಕೆ ಸೇರಿದ ತಗಾಸ್ತೆಯೆಂಬ ಊರಿನಲ್ಲಿ ಹುಟ್ಟಿದನು. ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ವಾಗ್ಮಿತೆಯನ್ನು ಕಲಿಸುವ ಉಪಾಧ್ಯಾಯನಾಗಿದ್ದು, ೩೮೭ರ ಈಸ್ಟರ್ ಹಬ್ಬದಲ್ಲಿ ದೀಕ್ಷಾಸ್ನಾನವನ್ನು ಪಡೆದು, ಮುಂದೆ ಹಿಪ್ಪೋ ಪಟ್ಟಣದ ಬಿಷಪನಾದನು. ಈ ಗ್ರಂಥವನ್ನು ಬರೆದುದು ಸುಮಾರು ೩೯೭ರಿಂದ ೪೦೦ರವರೆಗೆ. ಹದಿಮೂರು ಭಾಗಗಳಲ್ಲಿ ಮೊದಲ ಒಂಬತ್ತು ಜೀವನವೃತ್ತಾಂತ. ಹತ್ತನೆಯದು ಸ್ಮೃತಿಯ ಮತ್ತು ಬರೆಯುವ ಕಾಲದ ತನ್ನ ಮನಃಸ್ಥಿತಿಯ ಪರೀಕ್ಷೆ. ಉಳಿದ ಮೂರು ಬೈಬಲಿನ ಸೃಷ್ಟಿಕಥೆಯ ವ್ಯಾಖ್ಯಾನ. ಮಾತೆಲ್ಲವೂ ದೇವರನ್ನೇ ಸಂಬೋಧಿಸಿ ಆಡಿದುದು. ಗ್ರಂಥದ ಲ್ಯಾಟಿನ್ ಹೆಸರಿಗೆ ತಪ್ಪೊಪ್ಪಿಗೆಯೆಂದೂ ಸ್ತುತಿಯೆಂದೂ ಎರಡು ಅರ್ಥಗಳುಂಟು. ಸಾಮಾನ್ಯವಾಗಿ ಓದುಗರು ಮೊದಲನೆಯದನ್ನೇ ಹಿಡಿದು, ಇದನ್ನು ಪಶ್ಚಾತ್ತಾಪದ ಪುಸ್ತಕವೆಂದು ಎಣಿಸುತ್ತಾರೆ. ಅದು ಅರ್ಧ ಸತ್ಯ. ಆದ್ಯಂತವಾಗಿ ಓದಿದವರಿಗೆ ಇದು ಆನಂದದ ಶೋಧವೆಂದು ತೋರದಿರದು.

ಶೋಧದ ಮೊದಲ ಮೆಟ್ಟಿಲು ಒಂದು ಬಾಲಚೇಷ್ಟೆ. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಸೇರಿ ಅವನು ರಾತ್ರಿಯ ಹೊತ್ತು ನೆರೆಯವರ ಪೇರುಹಣ್ಣಿನ ಮರವನ್ನು ದೋಚಿದನು. ಹಸಿವಿರಲಿಲ್ಲ; ಹಣ್ಣೂ ರುಚಿಯದಲ್ಲ; ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಸುಖವಿದ್ದುದು ಎಲ್ಲಿ? ನಿಷಿದ್ಧವಾದುದನ್ನು ಮಾಡುವುದರಲ್ಲಿ, ಅದೂ ಜೊತೆಗಾರರ ನಗೆಯ ನಡುವೆ. ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲವೆಂದು ಅವನೇ ಹೇಳುವನು. ಇಷ್ಟು ಸಣ್ಣ ಅಪರಾಧಕ್ಕೆ ಇಷ್ಟು ದೀರ್ಘವಾದ ವಿಚಾರಣೆಯೇಕೆಂದು ಆಕ್ಷೇಪಿಸುವವರುಂಟು. ಅಪರಾಧವು ಸಣ್ಣದಾದುದರಿಂದಲೇ ಪರೀಕ್ಷೆ ಸುಲಭವಾಯಿತು. ಲಾಭವೆಂಬ ನೆಪವನ್ನು ಕಳೆದ ಮೇಲೆ ಉಳಿಯುವ ದುಷ್ಟಸಂತೋಷದ ಸ್ವರೂಪವು ಇಲ್ಲಿ ಬೆತ್ತಲೆಯಾಗಿ ಕಾಣುತ್ತದೆ.

ಎರಡನೆಯ ಮೆಟ್ಟಿಲು ಸ್ನೇಹ. ಪ್ರಾಣಕ್ಕೆ ಸಮಾನನಾದ ಮಿತ್ರನೊಬ್ಬನು ಜ್ವರದಿಂದ ಸತ್ತಾಗ ಹುಟ್ಟೂರೇ ಅಗಸ್ಟೀನನಿಗೆ ಯಾತನೆಯಾಯಿತು. ಅದನ್ನು ಬಿಟ್ಟು ಕಾರ್ಥೇಜಿಗೆ ಓಡಿದನು. ಸಾಯತಕ್ಕವನನ್ನು ಸಾವಿಲ್ಲದವನೆಂಬಂತೆ ಪ್ರೀತಿಸಿದುದೇ ತನ್ನ ದುಃಖದ ಮೂಲವೆಂದು ಅವನು ಮುಂದೆ ನಿರ್ಣಯಿಸುತ್ತಾನೆ. ಗಮನಿಸಬೇಕಾದುದೇನೆಂದರೆ, ಅವನು ಪ್ರೀತಿಯನ್ನು ತ್ಯಜಿಸೆಂದು ಹೇಳುವುದಿಲ್ಲ. ಕಳೆದುಹೋಗದವನಲ್ಲಿ ನೆಲೆಗೊಳಿಸಿ ಪ್ರೀತಿಸೆಂದು ಹೇಳುತ್ತಾನೆ. ವೈರಾಗ್ಯಕ್ಕೂ ಇದಕ್ಕೂ ಇರುವ ಅಂತರವು ಸೂಕ್ಷ್ಮವಾದುದು, ಆದರೆ ದೊಡ್ಡದು.

ಗ್ರಂಥದಲ್ಲಿ ಎಲ್ಲಕ್ಕಿಂತ ಸಜೀವವಾದುದು ಮಿಲಾನಿನ ಭಿಕ್ಷುಕನ ಪ್ರಸಂಗ. ಅಗಸ್ಟೀನನು ಆಗ ರಾಜಧಾನಿಯಲ್ಲಿ ಹೆಸರಾದ ವಿದ್ವಾಂಸ. ಚಕ್ರವರ್ತಿಯ ಮುಂದೆ ಸುಳ್ಳುಗಳಿಂದ ತುಂಬಿದ ಸ್ತೋತ್ರವನ್ನು ಓದಬೇಕಾಗಿತ್ತು. ಕೇಳುವವರಿಗೂ ಅದು ಸುಳ್ಳೆಂದು ಗೊತ್ತು. ಆ ಚಿಂತೆಯಲ್ಲಿ ಬೀದಿಯಲ್ಲಿ ಹೋಗುತ್ತಿರುವಾಗ, ಕುಡಿದು ನಗೆಯಾಡುತ್ತಿದ್ದ ತಿರುಕನೊಬ್ಬನು ಕಣ್ಣಿಗೆ ಬಿದ್ದನು. ತಾನು ಇಷ್ಟು ಕಷ್ಟಪಟ್ಟು ಅರಸುತ್ತಿರುವ ನೆಮ್ಮದಿಯನ್ನು ಅವನು ನಾಲ್ಕು ಕಾಸಿನಲ್ಲಿ ಪಡೆದನಲ್ಲಾ ಎಂದು ನಿಟ್ಟುಸಿರಿಟ್ಟನು. ಸಾಧಾರಣ ಉಪದೇಶಕನಾಗಿದ್ದರೆ ಕುಡುಕನನ್ನು ನಿಂದಿಸಿ ಮುಂದೆ ನಡೆಯುತ್ತಿದ್ದನು. ಅಗಸ್ಟೀನನು ಕುಡುಕನನ್ನೂ ತನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ. ಅವನ ಸಂತೋಷವು ನಿಜವಾದುದಲ್ಲ; ಆದರೆ ಅವನ ಮದ್ಯದ ಅಮಲು ಒಂದು ರಾತ್ರಿಯಲ್ಲಿ ಇಳಿಯುವುದು. ಕೀರ್ತಿಯ ಅಮಲಾದರೋ ತನ್ನೊಡನೆ ಮಲಗಿ ತನ್ನೊಡನೆಯೇ ಏಳುವುದು! ಮನುಷ್ಯನು ಸಂತೋಷಪಡುತ್ತಾನೆಯೋ ಇಲ್ಲವೋ ಎಂಬುದಕ್ಕಿಂತ, ಯಾವುದರಿಂದ ಸಂತೋಷಪಡುತ್ತಾನೆಂಬುದೇ ಮುಖ್ಯವೆಂಬ ಅವನ ಸಿದ್ಧಾಂತವು ಈ ಬೀದಿಯಲ್ಲಿ ಹುಟ್ಟಿದುದು. ಹತ್ತನೆಯ ಭಾಗದಲ್ಲಿ ಸತ್ಯದಿಂದುಂಟಾಗುವ ಆನಂದವೇ ಸುಖಜೀವನವೆಂದು ಅವನು ಮಾಡುವ ಲಕ್ಷಣವು ಇದರ ಪರಿಪಾಕವೇ.

ಪ್ಲೇಟೋ ಪಂಥದವರ ಗ್ರಂಥಗಳನ್ನು ಅವನು ಓದಿದ್ದನು. ಅವು ದೂರದಿಂದ ಊರನ್ನು ತೋರಿಸಿದುವು, ಅಲ್ಲಿಗೆ ಹೋಗುವ ದಾರಿಯನ್ನು ತೋರಿಸಲಿಲ್ಲವೆಂಬುದು ಅವನ ದೂರು. ದಾರಿಯು ಅವನಿಗೆ ದೊರೆತುದು ಮನುಷ್ಯನಾಗಿ ಇಳಿದುಬಂದ ಕ್ರಿಸ್ತನ ದೈನ್ಯದಲ್ಲಿ. ೩೮೬ರಲ್ಲಿ ಮಿಲಾನಿನ ತೋಟದಲ್ಲಿ ಮಗುವೊಂದರ ದನಿಯನ್ನು ಕೇಳಿ ಪೌಲನ ಪತ್ರಿಕೆಯನ್ನು ತೆರೆದ ಕಥೆಯು ಪ್ರಸಿದ್ಧವಾಗಿಯೇ ಇದೆ. ಅದರ ತಿರುಳಿಷ್ಟು: ಆನಂದವು ಬುದ್ಧಿಯ ಸಾಧನೆಯಲ್ಲ, ಕೃಪೆಯ ದಾನ. ಗ್ರಂಥದಲ್ಲಿ ಕ್ರೈಸ್ತವಿಶ್ವಾಸದ ವೈಶಿಷ್ಟ್ಯವಿರುವುದು ಇಲ್ಲಿಯೇ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನು ಮರೆಮಾಚುವುದು ವಿಮರ್ಶಕನ ಧರ್ಮವಲ್ಲ. ಬಹು ವರ್ಷ ಅವನೊಡನೆ ಬಾಳಿ, ಅದೆಯೊದಾತುಸನೆಂಬ ಮಗನನ್ನು ಹೆತ್ತ ಹೆಂಗಸೊಬ್ಬಳುಂಟು. ಕುಲೀನವಿವಾಹಕ್ಕೆ ಅಡ್ಡಿಯೆಂದು ಅವಳನ್ನು ಆಫ್ರಿಕಕ್ಕೆ ಕಳುಹಿಸಲಾಯಿತು. ಮಗನನ್ನು ಬಿಟ್ಟು, ಮತ್ತೊಬ್ಬನನ್ನು ಸೇರೆನೆಂದು ಹರಕೆ ಹೊತ್ತು, ಅವಳು ಹೊರಟುಹೋದಳು. ತನ್ನ ಹೃದಯವು ಗಾಯಗೊಂಡಿತೆಂದು ಅವನು ಬರೆದಿದ್ದಾನೆ. ಅವಳಿಗೆ ಸಾಟಿಯಾಗದೆ ತಾನು ಮತ್ತೊಬ್ಬಳನ್ನು ಇಟ್ಟುಕೊಂಡುದನ್ನೂ ಮುಚ್ಚಿಟ್ಟಿಲ್ಲ. ಆದರೆ ಅವಳ ಹೆಸರನ್ನು ಹೇಳಿಲ್ಲ. ಅವಳ ಹೃದಯವು ಏನಾಯಿತೆಂದು ವಿಚಾರಿಸಿಲ್ಲ. ತನ್ನ ಅಂತರಂಗದ ಮೂಲೆಮೂಲೆಯನ್ನೂ ಶೋಧಿಸಿದವನು, ತನ್ನ ಶಾಂತಿಯ ದಾರಿಯಲ್ಲಿ ಬೆಲೆ ತೆತ್ತವಳ ಕಡೆಗೆ ತಿರುಗಿ ನೋಡುವುದು ಅಷ್ಟಕ್ಕೇ ನಿಂತಿತು. ಓದುಗನ ಮನಸ್ಸು ಈ ಮೌನದಲ್ಲಿ ತೊಡರಿ ನಿಲ್ಲುತ್ತದೆ.

ಇನ್ನೊಂದು ಆಕ್ಷೇಪವಿದೆ. ನಿಲ್ಲುವ ಆನಂದವನ್ನು ಕಂಡವನು ಮತ್ತೇಕೆ ಅಳುಕಬೇಕು? ದೇವಾಲಯದ ಸಂಗೀತದ ಇಂಪಿಗೂ ಹತ್ತನೆಯ ಭಾಗದಲ್ಲಿ ಅಂಜುತ್ತಾನೆ. ಓಸ್ತಿಯದಲ್ಲಿ ಕಿಟಕಿಯ ಬಳಿ ತಾಯಿ ಮೋನಿಕಳೊಡನೆ ಮಾತಾಡುತ್ತ ಪರಮಾನಂದವನ್ನು ಮುಟ್ಟಿದುದು ಕ್ಷಣಮಾತ್ರ. ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ಕಣ್ಣೀರನ್ನು ತಡೆದು ತಡೆದು, ಕೊನೆಗೆ ಸೋತು ಅತ್ತನು. ಇದು ವಿಶ್ವಾಸದ ಸೋಲೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಶಾಶ್ವತಾನಂದವೆಂದರೆ ಎಡೆಬಿಡದ ಹರ್ಷವೆಂದು ಅವನು ಎಲ್ಲಿಯೂ ಹೇಳಿಲ್ಲ. ಈ ಲೋಕದಲ್ಲಿ ಅದು ಮುಕ್ಕಾಲು ಪಾಲು ಭರವಸೆ. ಅನುಭವಕ್ಕೆ ಬರುವುದು ಹನಿಹನಿಯಾಗಿ. ಹನಿಯ ರುಚಿ ಕಂಡವನು ಹೊಳೆಯಿದೆಯೆಂದು ನಂಬಿ ನಡೆಯುತ್ತಾನೆ. ಅತಿಯಾಗಿ ಹೇಳದಿರುವ ಈ ಪ್ರಾಮಾಣಿಕತೆಯಿಂದಲೇ ಅವನ ಮಾತಿಗೆ ತೂಕ ಬಂದಿದೆ.

ಇದಕ್ಕೆ ಅವನ ಮರಣವೇ ವ್ಯಾಖ್ಯಾನ. ೪೩೦ರಲ್ಲಿ ವ್ಯಾಂಡಲರು ಹಿಪ್ಪೋ ಪಟ್ಟಣವನ್ನು ಮುತ್ತಿದ್ದಾಗ ಅವನು ಜ್ವರದಿಂದ ಹಾಸಿಗೆ ಹಿಡಿದನು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ಹಚ್ಚಿಸಿ, ಮಲಗಿದಲ್ಲಿಂದಲೇ ಓದುತ್ತ ಕಣ್ಣೀರು ಸುರಿಸುತ್ತಿದ್ದನೆಂದು ಅವನ ಶಿಷ್ಯನೂ ಚರಿತ್ರಕಾರನೂ ಆದ ಪೊಸಿಡಿಯಸನು ಬರೆದಿದ್ದಾನೆ. ಆನಂದದ ಆಚಾರ್ಯನು ಅಳುತ್ತ ಸತ್ತನೆಂದು ಹಾಸ್ಯಮಾಡುವುದು ಸುಲಭ. ಆದರೆ ಆ ಅಳು ನಿರಾಶೆಯದಲ್ಲ. ಕೇಳುವವನೊಬ್ಬನಿದ್ದಾನೆಂಬ ನಂಬಿಕೆಯಿಂದ ಅತ್ತುದು. ದುಃಖವನ್ನು ಹೊರಗಿಡದೆ ಒಳಗೊಂಡು ನಿಲ್ಲುವ ಆನಂದವೇ ನಿಲ್ಲುವ ಆನಂದವೆಂಬುದಾದರೆ, ಅಗಸ್ಟೀನನು ಅದನ್ನು ಕಂಡಿದ್ದನೆಂದೇ ಹೇಳಬೇಕು.