ಜಗಲಿ ಮತ್ತು ಹಿತ್ತಿಲ ಓಣಿ: ವಾಸ್ತು ಜಾನಪದದ ಮರುಪರಿಶೀಲನೆ

ಒಂದು ನಾಡಿನ ಕಟ್ಟಡಗಳು ಆ ನಾಡಿನ ಸಾಮಾಜಿಕ ಚರಿತ್ರೆಯ ದಾಖಲೆಗಳೆಂಬ ಮಾತನ್ನು ನಮ್ಮ ಜಾನಪದ ವಿದ್ವತ್ತು ಬಹುಕಾಲದಿಂದ ಒಪ್ಪಿಕೊಂಡು ಬಂದಿದೆ. ಆದರೆ ಆ ದಾಖಲೆಯನ್ನು ನಾವು ಓದಿರುವುದು ಮನೆಯ ಮುಂಭಾಗದಲ್ಲಿ ಮಾತ್ರ. ತೊಟ್ಟಿಮನೆಯನ್ನು ಕುರಿತ ಬರಹಗಳಲ್ಲಿ ಕೆತ್ತನೆಯ ಬಾಗಿಲವಾಡ, ಕಂಬ, ತೊಟ್ಟಿಗೆ ಬೀಳುವ ಬೆಳಕು ಇವೆಲ್ಲ ವಿಸ್ತಾರವಾಗಿ ವರ್ಣಿತವಾಗುತ್ತವೆ. ಜಗಲಿಯನ್ನಂತೂ ಅತಿಥಿಸತ್ಕಾರದ ಸಂಕೇತವೆಂದೇ ಬಣ್ಣಿಸಲಾಗುತ್ತದೆ. ಅದು ಸುಳ್ಳಲ್ಲ, ದಾರಿಹೋಕನಿಗೆ ಅಲ್ಲಿ ನೆರಳೂ ನೀರೂ ದೊರೆಯುತ್ತಿದ್ದವು. ಅದೇ ಜಗಲಿ ಯಾರು ಮೇಲೆ ಕೂರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು ಎಂಬುದನ್ನು ಗೊತ್ತುಪಡಿಸುವ ಗಡಿಯೂ ಆಗಿತ್ತು. ಈ ಎರಡನೆಯ ಅರ್ಥ ನಮ್ಮ ಅಧ್ಯಯನಗಳಲ್ಲಿ ವಿರಳ. ಮಾಹಿತಿ ನೀಡಿದವರು ಮನೆಯ ಯಜಮಾನರು. ಕೇಳಿದ ನಾವು ಕುಳಿತದ್ದು ಅವರ ಜಗಲಿಯ ಮೇಲೆ. ನನ್ನ ಕ್ಷೇತ್ರಕಾರ್ಯದ ಟಿಪ್ಪಣಿಗಳೂ ಇದಕ್ಕೆ ಹೊರತಲ್ಲ.

ಹಳ್ಳಿಯ ಮನೆಯಲ್ಲಿ ರೂಢಿಯ ಬಲದಿಂದ ನಿಂತಿದ್ದ ಈ ವಿಂಗಡಣೆಯನ್ನು ನಗರವು ತನ್ನ ನಕ್ಷೆಯಲ್ಲಿಯೇ ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ನೇರ ರಸ್ತೆಗಳಿಗೂ ಗಾಳಿ ಬೆಳಕುಗಳಿಗೂ ಹೆಸರಾದವು. ಅಲ್ಲಿ ಮನೆಗಳ ಎರಡು ಸಾಲುಗಳು ಪರಸ್ಪರ ಬೆನ್ನು ಮಾಡಿ ನಿಂತ ಕಡೆ ಕಿರಿದಾದ ಓಣಿಯೊಂದಿರುತ್ತದೆ. ಕನ್ಸರ್ವೆನ್ಸಿ ಓಣಿ ಎಂದು ಅದರ ಹೆಸರು. ಒಳಚರಂಡಿ ಬರುವ ಮೊದಲು ಮಲ ಬಾಚುವವರು ಬಂದು ಹೋಗುತ್ತಿದ್ದ ದಾರಿ ಅದು. ಅವರು ಮುಂಬಾಗಿಲನ್ನು ಸಮೀಪಿಸದೆ, ಮನೆಯವರ ಕಣ್ಣಿಗೆ ಬೀಳದೆ, ಹಿತ್ತಿಲ ಕಡೆಯಿಂದಲೇ ಕೆಲಸ ಮುಗಿಸಿ ಹೊರಡಬೇಕಿತ್ತು. ಆರೋಗ್ಯಶಾಸ್ತ್ರದ ಹೊಸ ಪರಿಭಾಷೆಯಲ್ಲಿ ಹಳೆಯ ಮಡಿಯೇ ಇಲ್ಲಿ ಕಲ್ಲುಗಾರೆಯ ರೂಪ ತಳೆಯಿತೆನ್ನಲು ಅಡ್ಡಿಯಿಲ್ಲ. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಶಾಸನ ಬಂದದ್ದು 1993ರಲ್ಲಿ, ಇನ್ನೂ ಕಟ್ಟುನಿಟ್ಟಾದದ್ದು 2013ರಲ್ಲಿ. ಓಣಿಗಳು ಮಾತ್ರ ಇದ್ದಲ್ಲಿಯೇ ಉಳಿದವು.

ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕೆಲವು ಓಣಿಗಳ ಗೋಡೆಗಳಿಗೆ ಬಣ್ಣ ಬಳಿದು, ಚಿತ್ರ ಬರೆದು, ಅವುಗಳನ್ನು ನಡೆದಾಡುವ ದಾರಿಗಳನ್ನಾಗಿ ಮಾಡಲಾಗಿದೆ. ಕಸದ ರಾಶಿಗಿಂತ ಇದು ಮೇಲು, ಸಂದೇಹವಿಲ್ಲ. ಆದರೆ ಅಲ್ಲಿ ಹಿಂದೆ ನಡೆದವರು ಯಾರೆಂಬುದನ್ನು ಚಿತ್ರಗಳಿಂದ ತಿಳಿಯಲಾಗದು. ಅದನ್ನು ಆ ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಕೇಳಬೇಕು. ಕೈ ತೊಳೆಯಲು ನೀರು ಎಲ್ಲಿ ಸಿಗುತ್ತಿತ್ತು, ಕೂಲಿಯನ್ನು ಕೈಗೆ ಕೊಡುತ್ತಿದ್ದರೋ ಗೋಡೆಯ ಮೇಲೆ ಇಡುತ್ತಿದ್ದರೋ, ಹಬ್ಬದ ಊಟ ಯಾವ ಬಾಗಿಲಿಗೆ ಬರುತ್ತಿತ್ತು? ನಮ್ಮ ವಾಸ್ತು ಜಾನಪದದ ಪ್ರಶ್ನಾವಳಿಗಳು ಇನ್ನೂ ಮುಂಬಾಗಿಲ ಅಳತೆಯಿಂದಲೇ ಆರಂಭವಾಗುತ್ತಿವೆ.